ಅಂಕಲ್ ಒಪ್ಪಿಸಿದ ರೈಫಲ್

"ಅಂಕಲ್, ಇವೆರಡ್ರಲ್ಲಿ ಯಾವ್ದು ತಗೊಳ್ಲಿ? ಕಾಂಪಿಟಿಷನ್‌ಗೂ ಆಗ್ಬೇಕು, ರೇಟೂ ಕಮ್ಮಿ ಇರ್ಬೇಕು."

ಸಿಡ್ನಿಯ ಶೂಟಿಂಗ್ ಕ್ಲಬ್‌ಗೆ ನಾನು ಆಗಷ್ಟೇ ಸೇರಿದ್ದೆ. ಅಲ್ಲಿನ ಹಳೆಯ ಸದಸ್ಯರಾದ ಮೈಸೂರಿನ ಅಂಕಲ್‌ಗೆ ಮೊಬೈಲ್‌ನಲ್ಲಿ ಎರಡು ಸೆಮಿ ಆಟೊಮ್ಯಾಟಿಕ್ ರೈಫಲ್ ತೋರಿಸಿದೆ; ಟ್ರಿಗರ್ ಒತ್ತುತ್ತಿದ್ದರೆ ಸಾಕು, ಮುಂದಿನ ಗುಂಡನ್ನು ತಾನೇ ತುಂಬಿಕೊಳ್ಳುವಂಥವು. ಕೋವಿಗೆ ಹೂವಿಟ್ಟು ಪೂಜಿಸುವ ಕೊಡಗಿನ ಮನೆಯವಳು ನಾನು. ಇದೆಲ್ಲ ನನಗೇನು ಹೊಸದೇ ಎಂಬ ಜಂಬ ಬೇರೆ.

ಅಂಕಲ್ ನಕ್ಕರು. "ಎರಡೂ ಸಿಗಲ್ಲಮ್ಮ. ನೀನು ನೋಡಿರೋದು ಅಮೆರಿಕದ ವಿಡಿಯೊ. ಇಲ್ಲಿ ನಮ್ಮಂಥೋರಿಗೆ ಇದಕ್ಕೆ ಲೈಸೆನ್ಸೇ ಕೊಡಲ್ಲ. ಹಿಂದೆ ನನ್ನ ಹತ್ರಾನೂ ಒಂದಿತ್ತು. ಈ ದೇಶದಲ್ಲೇ ಒಬ್ಬ ಇಂಥದ್ದೇ ಹಿಡ್ಕೊಂಡು ಎಷ್ಟೋ ಜನರನ್ನ ಕೊಂದ. ಆಮೇಲೆ ಇವನ್ನ ಇಟ್ಕೊಳ್ಳೋ ಹಾಗಿಲ್ಲ ಅಂತ ಕಾನೂನು ಬಂತು, ಪೊಲೀಸರಿಗೆ ಒಪ್ಪಿಸ್ಬಿಟ್ಟೆ."

"ಬೇಜಾರಾಗ್ಲಿಲ್ವಾ?"

"ಆಯ್ತು. ಆದ್ರೆ ಸತ್ತೋರಲ್ಲಿ ಆಗಿನ ನನ್ನ ಮಗಳ ವಯಸ್ಸಿನ ಪುಟ್ಟ ಮಕ್ಕಳೂ ಇದ್ರು."

ಕೊನೆಗೆ ನಾನು ಕೊಂಡದ್ದು ಅಗ್ಗದ ಬೋಲ್ಟ್ ಆಕ್ಷನ್ ರೈಫಲ್. ಪ್ರತಿ ಗುಂಡಿಗೂ ಕೈಯಿಂದಲೇ ಬೋಲ್ಟ್ ಎಳೆಯಬೇಕು. ಮೊದಮೊದಲು ಅದು ರೇಜಿಗೆ ಎನಿಸುತ್ತಿತ್ತು. ಒಂದು ಮಗು ಓಡಿ ತಪ್ಪಿಸಿಕೊಳ್ಳಲು ಅಷ್ಟು ಹೊತ್ತು ಸಾಕಾದೀತು ಎಂದು ಹೊಳೆದ ಮೇಲೆ ಹಾಗೆ ಅನಿಸಿಲ್ಲ.