ಅಳೆದು ನೋಡುವುದನ್ನು ಕಲಿಸಿದ ಶಿವಪುತ್ರಪ್ಪನವರು

ಆಸ್ಪತ್ರೆಯ ಕಂಪ್ಯೂಟರ್ ಸುರಕ್ಷತೆಯೆಂದರೆ ಪಾಸ್‌ವರ್ಡ್ ಬದಲಿಸುವುದಷ್ಟೇ ಎಂದು ಬಹುಮಂದಿ ತಿಳಿದಿದ್ದ ದಿನಗಳಿಂದಲೂ, ಮುಂಬಯಿಯ ಪರೇಲಿನ ನಮ್ಮ ಆಸ್ಪತ್ರೆಯ ಒಂದೊಂದು ಯುಎಸ್‌ಬಿ ಕಿಂಡಿಯನ್ನೂ ಬಾಗಿಲೆಂದೇ ಬಗೆದು ಇಪ್ಪತ್ತೆರಡು ವರ್ಷ ಕಾದವರು ಶ್ರೀ ಶಿವಪುತ್ರಪ್ಪನವರು. ಇಂಡಿ ತಾಲೂಕಿನಿಂದ ಬಂದು, ಮುಲುಂಡಿನಿಂದ ದಿನವೂ ಲೋಕಲ್ ರೈಲಿನಲ್ಲಿ ನಿಂತೇ ಪ್ರಯಾಣಿಸಿ, ಕೇಬಲ್ ಎಳೆಯುವ ಕೆಲಸದಿಂದ ಆರಂಭಿಸಿದ ಅವರು ವಿಭಾಗದ ಮುಖ್ಯಸ್ಥರಾಗಿ ನಿವೃತ್ತರಾಗುತ್ತಿದ್ದಾರೆ.

ನಾಲ್ಕು ವರ್ಷಗಳ ಹಿಂದೆ, ಪ್ರೊಬೇಷನ್ ಮೇಲೆ, ನಾನು ಅವರ ಕೈಕೆಳಗೆ ಸೇರಿದೆ. ಯಾವುದೇ ಸಾಧನವನ್ನು ಸಿಕ್ಕಿಸಿದೊಡನೆ ಅದು ತಾನು ಯಾರು, ಎಷ್ಟು ಮಾಹಿತಿ ಕೊಡುತ್ತೇನೆ ಎಂದು ಹೇಳಿಕೊಳ್ಳುತ್ತದೆ. ಅದನ್ನು ಕೇಳಿಸಿಕೊಳ್ಳುವ ತಂತ್ರಾಂಶವೇ ಡ್ರೈವರ್. ಹೇಳಿದ್ದಕ್ಕಿಂತ ಹೆಚ್ಚು ಸುರಿದದ್ದನ್ನು ಡ್ರೈವರ್ ಅಳೆಯದೆ ತೆಗೆದುಕೊಂಡರೆ, ಉಕ್ಕಿದ್ದು ಕಂಪ್ಯೂಟರಿನ ಒಳಮನೆಗೇ ನುಗ್ಗುತ್ತದೆ. ಅಜ್ಜಿಯ ಕತೆಗಳಲ್ಲಿ "ನಾನು ನಿನ್ನ ಅಣ್ಣ" ಎಂದ ರಾಕ್ಷಸನಿಗೆ ತಂಗಿ ಚಿಲಕ ತೆಗೆಯುವಾಗ ಹೊದಿಕೆಯೊಳಗೆ ನಡುಗುತ್ತಿದ್ದ ನಾನು, ನನ್ನ ಮೊದಲ ಡ್ರೈವರ್‌ನಲ್ಲಿ ಆ ತಂಗಿಯಂತೆಯೇ ನಡೆದುಕೊಂಡೆ.

ಶಿವಪುತ್ರಪ್ಪನವರದೊಂದು ಪದ್ಧತಿಯಿತ್ತು. ಬೇಕೆಂದೇ ಸುಳ್ಳು ಹೇಳುವ, ಬೆಂಕಿಪೊಟ್ಟಣದಷ್ಟು ಸಣ್ಣ ಬೋರ್ಡೊಂದನ್ನು ತಾವೇ ಬೆಸುಗೆ ಹಾಕಿ ಮಾಡಿಕೊಂಡಿದ್ದರು. ಅದರ ಸುಳ್ಳನ್ನು ಹಿಡಿಯದ ಡ್ರೈವರ್ ವಾರ್ಡಿಗೆ ಹೋಗುವಂತಿರಲಿಲ್ಲ. ಅವರು ಊರಿಗೆ ಹೋಗಿದ್ದಾಗ, ರಕ್ತಪರೀಕ್ಷೆಯ ಯಂತ್ರಕ್ಕೆಂದು ಬರೆದ ಡ್ರೈವರನ್ನು ಆ ಪರೀಕ್ಷೆ ಮಾಡದೆಯೇ ನಾನು ಮೂರು ವಾರ್ಡುಗಳಿಗೆ ಹಾಕಿಬಿಟ್ಟೆ. ಒಂಬತ್ತು ದಿನ ಕಳೆದು ಮರಳಿದವರು ಬೋರ್ಡ್ ಸಿಕ್ಕಿಸಿದರು. ಪರದೆ ಕಪ್ಪಾಯಿತು.

"ಏನ ತಂಗಿ, ಅದು ಅರವತ್ನಾಕು ಅಂತ ಹೇಳಿ ನಾಕನೂರು ಸುರೀತು, ನೀ ಹೂಂ ಅಂದಿ. ಅಳದ ನೋಡಲಿಲ್ಲೇನು?"

ಮನೆಯಲ್ಲಿ ನನ್ನದೊಂದೇ ದುಡಿಮೆ. ಕೆಲಸ ಹೋಯಿತೆಂದೇ ಬಗೆದೆ. "ಸರ್, ಹತ್ತು ನಿಮಿಷದಲ್ಲಿ ಸರಿ ಮಾಡ್ತೇನೆ. ಯಾರಿಗೂ ಗೊತ್ತಾಗ್ಲಿಕ್ಕಿಲ್ಲ."

"ಸರಿ ಮಾಡು. ಆದ್ರ ಈ ಒಂಬತ್ತು ದಿನದಾಗ ಯಾರ್ಯಾರು ಆ ಕಿಂಡಿಗೆ ಏನೇನು ಹಚ್ಚ್ಯಾರ, ನಿನಗ ಗೊತ್ತೈತೇನು? ರಿಪೋರ್ಟಿನಾಗ ಅಂಕಿ ತಪ್ಪಿದ್ರ ಔಷಧಾ ತಪ್ಪತೈತಿ. ವಾರ್ಡಿನವರಿಗೆ ಹೇಳಬೇಕು. ನೀನ ಹೇಳಬೇಕು."

ಹೇಳಿದೆ. ಸಿಸ್ಟರ್ ಸೇವಂತಿ ಎಲ್ಲರೆದುರೇ ಬೈದರು: "ಕನಸು ಕಾಣೋದು ಮುಗೀತಾ ಮಾರಾಯ್ತಿ? ಇನ್ನೂರು ರಿಪೋರ್ಟ್ ತಾಳೆ ನೋಡ್ಲಿಕ್ಕೆ ನಿನ್ನಜ್ಜ ಬರ್ತಾರಾ?" ಬಂದವರು ಶಿವಪುತ್ರಪ್ಪನವರು. ಕನ್ನಡಕವನ್ನು ಹಣೆಗೇರಿಸಿ, ಎರಡು ದಿನ ನಮ್ಮ ಜೊತೆ ಕೂತು, ಒಂದೊಂದು ಅಂಕಿಯನ್ನೂ ಯಂತ್ರ ಮುದ್ರಿಸಿದ ಚೀಟಿಯೊಂದಿಗೆ ಹೋಲಿಸಿದರು. ಪುಣ್ಯಕ್ಕೆ ಒಂದೂ ತಪ್ಪಿರಲಿಲ್ಲ.

ಆಡಳಿತಕ್ಕೆ ಕೊಟ್ಟ ವರದಿಯಲ್ಲಿ ನನ್ನ ತಪ್ಪನ್ನು ಅವರು ಒಂದಕ್ಷರವೂ ಮೆತ್ತಗೆ ಮಾಡಲಿಲ್ಲ. ಅದರ ಕೆಳಗೆ, "ಪರೀಕ್ಷೆಯ ಬೋರ್ಡನ್ನು ನನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿ ಊರಿಗೆ ಹೋದದ್ದು ನನ್ನ ತಪ್ಪು" ಎಂದು ಕೈಯಾರೆ ಬರೆದು ಸೇರಿಸಿದರು. ನನ್ನ ಪ್ರೊಬೇಷನ್ ಆರು ತಿಂಗಳು ಮುಂದಕ್ಕೆ ಹೋಯಿತು, ಕೆಲಸ ಉಳಿಯಿತು. ಅವರಿಗಾದದ್ದೇನೆಂದು ನನಗೆ ತಿಳಿದದ್ದು ಕಳೆದ ತಿಂಗಳು, ಅವರ ನಿವೃತ್ತಿಯ ಕಾಗದಗಳನ್ನು ಜೋಡಿಸುವಾಗ: ಅಷ್ಟು ವರ್ಷದ ಸೇವಾ ಕಡತದಲ್ಲಿ ಒಂದೇ ಒಂದು ಎಚ್ಚರಿಕೆ ಪತ್ರ, ಅದೇ ವಾರದ್ದು.

ಪತ್ರ ಹಿಡಿದುಕೊಂಡು ಅವರೆದುರು ನಿಂತೆ. ಅವರೇ ಅಂದರು: "ಇರಲಿ ಬಿಡ ತಂಗಿ. ಖರೇನ ಬರದಾರ."

ಆ ಹಿರಿಯರಿಗೆ ನೂರು ತುಂಬಲಿ, ಕಣ್ಣು ಕೈ ಗಟ್ಟಿಯಾಗಿರಲಿ. ಬರುವ ಸೋಮವಾರದಿಂದ ಬಾಂದ್ರಾದ ಕಾಲೇಜಿನಲ್ಲಿ ಅವರ ಪಾಠಕ್ಕೆ ಕೂರುವ ಮಕ್ಕಳು, ತಪ್ಪು ಮಾಡಿದ ದಿನ ಬೇರೆಲ್ಲೂ ಅಡಗದೆ, ಮೊದಲು ಅವರ ಬಳಿಗೇ ಓಡಿಹೋಗಲಿ.