ಬಿಸಿ ಅನ್ನಕ್ಕೆ ಕುಳಿತ ಅಕ್ಕೋರು

ಮೊನ್ನೆ ಕಾರವಾರದ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತುವಾಗ ಯಾರದೋ ಮನೆಯಿಂದ ಬಂಗಡೆ ಸಾರಿನ ವಾಸನೆ ಬಂತು. ಕೊನೆಯಲ್ಲಿ ಜಜ್ಜಿ ಹಾಕುವ ಜುಮ್ಮನಕಾಯಿಯೆಂಬ ಕಾಡುಮಸಾಲೆಯ ಘಾಟು, ಅದರ ಹಿಂದೆಯೇ ತೆಂಗಿನೆಣ್ಣೆಯ ಕಂಪು... ಕೈಚೀಲ ಕೆಳಗಿಟ್ಟು ಒಂದು ಗಳಿಗೆ ಅಲ್ಲೇ ನಿಂತೆ. ಭಾವಿಕೇರಿಯ ಅಕ್ಕೋರ ಅಡುಗೆಮನೆ ಕಣ್ಣೆದುರು ಬಂದಿತ್ತು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ನಾನು ಮದುವೆಯಾಗಿ ಭಾವಿಕೇರಿ ಎಂಬ ಹಳ್ಳಿಗೆ ಬಂದಾಗ ಈ ಅಕ್ಕೋರು ಪಕ್ಕದ ಮನೆಯಲ್ಲಿದ್ದರು. ಎರಡು ಮನೆಗಳ ನಡುವೆ ದಾಸವಾಳದ ಬೇಲಿಯೊಂದೇ. ನಾನು ಇಪ್ಪತ್ತೈದರ ಸೊಸೆ, ಅವರಿಗೆ ನಲವತ್ತೈದು ದಾಟಿತ್ತು. ಅವರ ಗಂಡನಿಗೆ ಅರ್ಗಾದ ನೌಕಾನೆಲೆಯಲ್ಲಿ ನೌಕರಿ, ಇಬ್ಬರು ಗಂಡುಮಕ್ಕಳು ಹೈಸ್ಕೂಲಿಗೆ ಹೋಗುತ್ತಿದ್ದರು. ಜೊತೆಗೆ ಅತ್ತೆ. ಅಕ್ಕೋರು ನಸುಕಿನಲ್ಲೆದ್ದು ಎಲ್ಲರಿಗೂ ತಿಂಡಿ ಮಾಡಿ, ಡಬ್ಬಿ ಕಟ್ಟಿ, ತಾವು ಬರೀ ಚಾ ಕುಡಿದು ಶಾಲೆಗೆ ಓಡುತ್ತಿದ್ದರು. ರವಿವಾರ ಮೀನು ತಂದರೆ ಹೋಳುಗಳೆಲ್ಲ ಗಂಡನ, ಮಕ್ಕಳ ತಾಟಿಗೆ. ಎಲ್ಲರದೂ ಮುಗಿದ ಮೇಲೆ ಅಕ್ಕೋರು ಒಲೆಯ ಬದಿಗೆ ಕುಳಿತು ಪಾತ್ರೆಯ ತಳದ ಸಾರಿಗೆ ತಣ್ಣನೆಯ ಅನ್ನ ಕಲಸಿಕೊಳ್ಳುತ್ತಿದ್ದರು. “ನಂಗೆ ಸಾರೇ ರುಚಿ ಮಾರಾಯ್ತಿ” ಎಂದು ನಗುತ್ತಿದ್ದರು. ನಾನೂ ನಂಬಿದ್ದೆ. ನಮ್ಮ ಮನೆಯಲ್ಲಿ ನಾನು ಉಣ್ಣುತ್ತಿದ್ದುದೂ ಹಾಗೆಯೇ ತಾನೆ...

ಒಂದು ಬೆಳಿಗ್ಗೆ ಶಾಲೆಯಲ್ಲಿ ಪ್ರಾರ್ಥನೆ ನಡೆಯುವಾಗ ಅವರು ಮಕ್ಕಳ ಎದುರೇ ಕುಸಿದು ಬಿದ್ದರು. ಸುದ್ದಿ ಕೇಳಿ ನಾನು ಶಾಲೆಗೆ ಓಡಿದೆ. ಮುಖ ಸುಣ್ಣದ ಗೋಡೆಯ ಹಾಗಿತ್ತು. ರಿಕ್ಷಾದಲ್ಲಿ ನನ್ನ ಹೆಗಲಿಗೆ ತಲೆಯಿಟ್ಟುಕೊಂಡೇ, ವರ್ಷದಿಂದ ತಿಂಗಳ ಸ್ರಾವ ವಿಪರೀತವಾಗಿದೆಯೆಂದು ಮೆಲ್ಲಗೆ ಹೇಳಿದರು. ಯಾರಿಗೂ ಹೇಳಿರಲಿಲ್ಲವಂತೆ. “ಮುಟ್ಟು ನಿಲ್ಲೂ ವಯಸ್ಸು, ಹೀಂಗೇ ಇರ್ತದೆ ಅಂದ್ಕಂಡಿದ್ದೆ” ಎಂದರು.

ಕಾರವಾರದ ಡಾಕ್ಟರಮ್ಮ ಪರೀಕ್ಷೆ ಮಾಡಿಸಿ, ರಕ್ತ ಬಹಳ ಕಡಿಮೆಯಾಗಿದೆ ಎಂದರು. ಸ್ರಾವಕ್ಕೆ ಔಷಧಿ ಬರೆದರು. ಕಬ್ಬಿಣಾಂಶದ ಗುಳಿಗೆ, ಸೊಪ್ಪು, ಕಾಳು, ಮೀನು, ಮೊಟ್ಟೆ, ಊಟದ ಜೊತೆ ಲಿಂಬೆಹುಳಿ, ಉಂಡ ಕೂಡಲೇ ಚಾ ಬೇಡ ಎಂದು ವಿವರಿಸಿದರು. ಶಕ್ತಿ ಬಂದ ಮೇಲೆ ದಿನಾ ನಡೆಯಬೇಕು ಎಂದರು. ಆಮೇಲೆ ಪೆನ್ನು ಕೆಳಗಿಟ್ಟು, “ಮನೇಲಿ ನೀವು ಊಟಕ್ಕೆ ಕೂರೋದು ಯಾವಾಗ?” ಎಂದು ಕೇಳಿದರು. ಅಕ್ಕೋರು ನಕ್ಕರು. ನಗುತ್ತಲೇ ಇದ್ದವರು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

ಮುಂದಿನ ರವಿವಾರ ನಾನು ಬಸಳೆ ಕೊಡಲೆಂದು ಬೇಲಿ ದಾಟಿ ಹೋದಾಗ ಅವರು ತಾಟು ಇಡುತ್ತಿದ್ದರು. ಗಂಡನಿಗೆ, ಮಕ್ಕಳಿಗೆ... ಆಮೇಲೆ ಇನ್ನೊಂದು. ಅದರ ಮುಂದೆ ತಾವೇ ಕುಳಿತರು.

ಅತ್ತೆ ಬಾಗಿಲಲ್ಲೇ ನಿಂತರು. “ಬಡ್ಸೂರು ಯಾರು?”

“ಪಾತ್ರೆ ನಡೂಗೆ ಇಟ್ಟಿದ್ದೆ ಅತ್ತೆ. ಬೇಕಾದೋರು ಹಾಕ್ಕಂಬ್ಲಿ. ನೀವೂ ಬನ್ನಿ.”

ಅತ್ತೆ ಬರಲಿಲ್ಲ. ಜಗಲಿಗೆ ಹೋಗಿ ಬೆನ್ನು ತಿರುಗಿಸಿ ಕುಳಿತರು. ಗಂಡ ತಲೆ ತಗ್ಗಿಸಿಕೊಂಡು ಉಂಡರು. ಅಕ್ಕೋರು ಬಂಗಡೆಯ ಹೋಳೊಂದನ್ನು ಹಾಕಿಕೊಂಡರು. “ಅನ್ನ ಗಂಟಲಲ್ಲಿ ಇಳೀಲೇ ಇಲ್ಲ ತಂಗಿ. ಆದ್ರೂ ಎದ್ದು ಬರ್ಲಿಲ್ಲ” ಎಂದು ಮರುದಿನ ಹೇಳಿದರು.

ಸೊಸೆಗೆ ಸಂಬಳದ ಸೊಕ್ಕು ಬಂದಿದೆಯೆಂದು ಅತ್ತೆ ಕೇರಿಯಲ್ಲಿ ಹೇಳಿಕೊಂಡು ಬಂದರು. ಅಕ್ಕೋರು ಎದುರಾಡಲಿಲ್ಲ, ಹಟಕ್ಕೆ ಬಿದ್ದವರ ಹಾಗೆಯೂ ಕಾಣಲಿಲ್ಲ. ಬೆಳಿಗ್ಗೆ ರಾಗಿ ಅಂಬಲಿಯೋ ದೋಸೆಯೋ ತಿಂದೇ ಶಾಲೆಗೆ ಹೊರಡುತ್ತಿದ್ದರು. ಮಧ್ಯಾಹ್ನದ ಡಬ್ಬಿಯಲ್ಲಿ ಹುರುಳಿಯ ಪಲ್ಯ, ಹರಿವೆ ಸೊಪ್ಪು ಬಂದವು. ಊಟವಾದ ಕೂಡಲೇ ಕುಡಿಯುತ್ತಿದ್ದ ಚಾ ಸಂಜೆಗೆ ಹೋಯಿತು. ರಜೆಯ ದಿನ ಊಟಕ್ಕೆ ಎಲ್ಲರ ಜೊತೆ ತಮ್ಮದೂ ಒಂದು ತಾಟು ಇಡುತ್ತಿದ್ದರು. ಅತ್ತೆಯನ್ನು ಪ್ರತಿ ಸಲವೂ ಕರೆಯುತ್ತಿದ್ದರು.

ಮಳೆಗಾಲ ಮುಗಿಯುತ್ತಿದ್ದ ಒಂದು ದಿನ ನಾನು ಅಲ್ಲೇ ಇದ್ದೆ. ಅತ್ತೆ ಒಳಗೆ ಬಂದು ಸೊಸೆಯನ್ನು ನೋಡುತ್ತ ನಿಂತರು. ಅನ್ನದಿಂದ ಹಬೆ ಏಳುತ್ತಿತ್ತು. “ನಾ ಬಿಸಿ ಅನ್ನ ಉಂಡದ್ದು ಬಾಳಂತನದಲ್ಲಿ ಅಷ್ಟೇಯ” ಎಂದರು, ಯಾರಿಗೆ ಹೇಳಿದರೆಂದು ಗೊತ್ತಾಗಲಿಲ್ಲ. ಆಮೇಲೆ ಮಣೆ ಎಳೆದುಕೊಂಡು ಸೊಸೆಯ ಮಗ್ಗುಲಲ್ಲಿ ಕುಳಿತರು. ಹಿರಿಯ ಮಗ ಎದ್ದುಹೋಗಿ ಅಜ್ಜಿಗೆ ತಾಟು ತಂದ. ಅಕ್ಕೋರು ಮೊದಲ ಸೌಟು ಅನ್ನ ಅತ್ತೆಗೆ ಹಾಕಿದರು. ಅಂದು ನಾನೂ ಮನೆಗೆ ಬಂದು, ಗಂಡನ ಎದುರು ನನ್ನ ತಾಟನ್ನೂ ಇಟ್ಟುಕೊಂಡೆ.

ಮೈಯಲ್ಲಿ ಶಕ್ತಿ ಬಂದ ಮೇಲೆ ಸಂಜೆಯ ನಡಿಗೆ ಶುರುವಾಯಿತು, ನಾನೂ ಜೊತೆಯಾದೆ. ಗದ್ದೆಯ ನಡುವಿನ ದಾರಿಯಲ್ಲಿ ಬೀಸು ಹೆಜ್ಜೆ ಹಾಕುತ್ತಿದ್ದ ನಮ್ಮನ್ನು ಕಂಡು ಕೇರಿಯವರಿಗೆ ನಗೆ. “ಅಕ್ಕೋರು ಬಾಳೆಗುಳಿ ಕ್ರಾಸಿಗೆ ಯಾವ ಬಸ್ಸು ಹಿಡೂಕೆ ಹೊಂಟ್ರು?” ಎಂದು ಒಬ್ಬರು ಕೂಗಿದರೆ, ಜಗಲಿಯಿಂದ ಅತ್ತೆಯೇ ಉತ್ತರ ಕೊಟ್ಟರು. “ಅವ್ಳು ಹೊಂಟದ್ದು ಗಟ್ಟಿ ಆಗೂಕೆ. ನಿಂಗೆಂತ ಕಷ್ಟ?”

ಮುಂದಿನ ವರ್ಷದ ಹೊತ್ತಿಗೆ ಅಕ್ಕೋರ ಕೆನ್ನೆಗೆ ಬಣ್ಣ ಬಂದಿತ್ತು. ಶಾಲೆಯ ಮಕ್ಕಳನ್ನು ಕಟ್ಟಿಕೊಂಡು ಗುಡ್ಡ ಹತ್ತಿ ಬಂದರಂತೆ. ನಿವೃತ್ತಿಯವರೆಗೂ ದಣಿದು ಕುಳಿತದ್ದನ್ನು ನಾನು ನೋಡಲಿಲ್ಲ.

ನಾವು ಕಾರವಾರಕ್ಕೆ ಬಂದ ಮೇಲೆ ಭೇಟಿ ಕಡಿಮೆಯಾಯಿತು. ಕೆಲವು ವರ್ಷಗಳ ಹಿಂದೆ ಬೇರೆಯದೇ ಕಾಯಿಲೆ ಬಂದು ಅವರು ಬೇಗ ಹೋಗಿಬಿಟ್ಟರು. ಹಿತವಾಗಿ ಉಂಡು, ನಡೆದವರಿಗೂ ಸಾವು ರಿಯಾಯಿತಿ ಕೊಡುವುದಿಲ್ಲ. ಆದರೆ ನಡುವಿನ ಅಷ್ಟೂ ವರ್ಷ ಅವರು ಬದುಕಿದ್ದು ಹೌದು, ಚೆನ್ನಾಗಿಯೇ ಬದುಕಿದ್ದು. ಸುದ್ದಿ ಕೇಳಿ ನಾನು ಭಾವಿಕೇರಿಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು...

ಈಗ ನನಗೆ ಅಂದಿನ ಅವರದೇ ವಯಸ್ಸು. ಬೆಳಿಗ್ಗೆ ಕಡಲ ದಂಡೆಯಲ್ಲಿ ನಾವು ನಾಲ್ಕು ಹೆಂಗಸರು ನಡೆಯುತ್ತೇವೆ. ನಿನ್ನೆ ಜೊತೆಯವರಿಗೆ ಅಕ್ಕೋರ ಕತೆ ಹೇಳಿದೆ. ಹೊಸದಾಗಿ ಸೇರಿದವಳೊಬ್ಬಳು, ಮನೆಯವರೆಲ್ಲರ ಊಟವಾಗದೆ ಒಂದು ತುತ್ತೂ ಮುಟ್ಟದವಳು, ನಿಂತುಬಿಟ್ಟಳು.

“ನಂಗೆ ಅವ್ರನ್ನ ಒಂದ್ಸಲ ಕಾಣ್ಬೇಕಿತ್ತು. ಈಗ ಎಲ್ಲಿದ್ರು?”

ಇಲ್ಲ, ಹೋಗಿಬಿಟ್ಟರು ಎಂದೆ. ಅವಳು ನನ್ನ ತೋಳು ಹಿಡಿದು, “ಹಂಗಾದ್ರೆ ನೀನೇ ಹೇಳು. ಆ ಮೊದಲ್ನೇ ದಿನ ಅತ್ತೆ ಎದ್ರಿಗೆ ಹೆಂಗೆ ಕೂತ್ರು?” ಎಂದು ಕೇಳಿದಳು.