ಪುಕ್ಕಟೆ ಸಿಕ್ಕ ಮುಖ

ಮಸ್ಕಿಯಂಥ ಊರಿನಲ್ಲಿ ಕುಳಿತು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವ ನನ್ನಂಥವಳಿಗೆ ಒಂದು ದೊಡ್ಡ ಅನುಕೂಲವಿದೆ: ಮುಖಗಳು ಪುಕ್ಕಟೆ ಸಿಗುತ್ತವೆ. ಕತೆಯಲ್ಲಿ ಕಂಡಕ್ಟರ್ ಬಂದರೆ ಲಿಂಗಸುಗೂರು ಬಸ್ಸಿನವನ ಮೀಸೆ, ಸಾಹುಕಾರ ಬಂದರೆ ಸಿಂಧನೂರಿನ ಯಾವುದೋ ರೈಸ್ ಮಿಲ್ಲಿನಲ್ಲಿ ಕಂಡ ಹೊಟ್ಟೆ. ಯಾರೂ ಕೇಳುವುದಿಲ್ಲ, ಏಕೆಂದರೆ ದೊಡ್ಡವರು ಮಕ್ಕಳ ಪುಸ್ತಕ ತೆರೆಯುವುದಿಲ್ಲ. ಗುಡಿ ಕಟ್ಟಿದ ಶಿಲ್ಪಿಗಳೂ ದೇವರ ಕಾಲಡಿಯ ರಾಕ್ಷಸನಿಗೆ ತಮ್ಮ ಓಣಿಯವರ ಮುಖವನ್ನೇ ಕೊಟ್ಟಿರಬೇಕು ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅವರ ಶಿಲ್ಪ ಮಾತ್ರ ಮಕ್ಕಳ ಚೀಲದಲ್ಲಿ ಮನೆಮನೆಗೆ ಹೋಗುತ್ತಿರಲಿಲ್ಲ.

ಹೋದ ವರ್ಷ ಸಿಡುಕಿನ ಅಜ್ಜಿಯೊಬ್ಬಳ ಕತೆ ನನ್ನ ಕೈಗೆ ಬಂತು. ಮಾಳಿಗೆಯ ಮೇಲೆ ಅವಳು ಒಣಹಾಕಿದ ಸಂಡಿಗೆಯ ನಡುವೆ ಮಕ್ಕಳ ಗಾಳಿಪಟ ಬೀಳುತ್ತದೆ. ಅಜ್ಜಿ ಕೊಡುವುದಿಲ್ಲ. ಮಕ್ಕಳು ಉಪಾಯ ಮಾಡಿ ಗೆಲ್ಲುತ್ತಾರೆ, ಕೊನೆಗೆ ಎಲ್ಲರೂ ಕೂಡಿ ಊಟ ಮಾಡುತ್ತಾರೆ. ಅಜ್ಜಿಗೊಂದು ಮುಖ ಹುಡುಕುತ್ತ ಕಿಟಕಿಯಾಚೆ ನೋಡಿದೆ. ಎದುರು ಮನೆಯ ಶಂಕ್ರಮ್ಮತ್ತಿ ಕೋಲು ಹಿಡಿದು ಕಾಗೆ ಓಡಿಸುತ್ತಿದ್ದಳು. ಅತ್ತಿ ಎನ್ನುವುದು ಓಣಿಯ ಸಲುಗೆ. ನನಗೆ ಜ್ವರ ಬಂದರೆ ಗಂಜಿ ಕಳಿಸುವವಳು ಅವಳೇ. ಆ ಹೊತ್ತಿಗೆ ಗಂಜಿ ನೆನಪಾಗಲಿಲ್ಲ, ಮೂಗು ಮಾತ್ರ ಕಂಡಿತು. ಕೊಂಚ ಉದ್ದ ಮಾಡಿ ಬರೆದೆ. ಗದ್ದದ ಮೇಲಿನ ಮಚ್ಚೆಯನ್ನೂ ಬಿಡಲಿಲ್ಲ.

ಪುಸ್ತಕ ಅಚ್ಚಾಗಿ ನಮ್ಮ ಅಂಗನವಾಡಿಗೂ ಬಂತು, ಮೊಮ್ಮಗಳ ಚೀಲದಲ್ಲಿ ಅತ್ತಿಯ ಮನೆಗೂ ಹೋಯಿತು. ಓಣಿಯ ಮಕ್ಕಳು ಅವಳನ್ನು ಸಿಡುಕಜ್ಜಿ ಎಂದು ಕೂಗತೊಡಗಿದರು. ನಾನು ಕಿಟಕಿ ಮುಚ್ಚಿಕೊಂಡೆ, ಹಾಲು ತರಲು ಹಿತ್ತಲ ಬಾಗಿಲಿನಿಂದ ಹೋಗತೊಡಗಿದೆ. ಮಕ್ಕಳಿಗೆ ಒಳ್ಳೆಯದನ್ನು ಕಲಿಸುವ ಪುಸ್ತಕಗಳ ಚಿತ್ರಕಾರ್ತಿ ತನ್ನ ಓಣಿಯಲ್ಲೇ ತಲೆ ತಗ್ಗಿಸಿಕೊಂಡು ಓಡಾಡುವಂತಾಯಿತು.

ಒಂದು ಮಧ್ಯಾಹ್ನ ಅವಳೇ ಬಂದಳು. ಸೆರಗಿನೊಳಗಿಂದ ಪುಸ್ತಕ ತೆಗೆದಳು.

"ಇಕಿ ನಾನ ಹೌದಿಲ್ಲೋ?"

ಸುಳ್ಳು ಹೇಳಲೆಂದೇ ಬಾಯಿ ತೆರೆದೆ. ಮಚ್ಚೆ ಎದುರಿಗೇ ಇತ್ತು. "ಹೌದು ಅತ್ತಿ. ತಪ್ಪಾತು," ಎಂದೆ.

"ಮೂಗು ಇರಲಿ ಬಿಡು, ನಮ್ಮಪ್ಪಂದೂ ಹಂಗ ಇತ್ತು. ಸಿಡುಕೂ ಖರೇನ." ಕೊನೆಯ ಪುಟ ತೆರೆದು ಹಿಡಿದಳು. "ಇಲ್ಲಿ ಎಲ್ಲಾರೂ ಉಣ್ಣಾಕತ್ತಾರ. ನನ್ನ ಸಂಡಿಗಿನೂ ತಾಟಿನಾಗ ಅದಾವ. ನಾ ಎಲ್ಲಿ ಹೋಗೀನಿ?"

ನೋಡಿದೆ. ನಾಯಿ ಇತ್ತು, ಎರಡು ಕಾಗೆಗಳಿದ್ದವು. ಅಜ್ಜಿ ಇರಲಿಲ್ಲ. ಕತೆ ಬರೆದವರು 'ಎಲ್ಲರೂ' ಎಂದೇ ಬರೆದಿದ್ದರು. ಆ ಎಲ್ಲರಲ್ಲಿ ಅವಳೂ ಒಬ್ಬಳೆಂದು ನನಗೆ ಹೊಳೆದೇ ಇರಲಿಲ್ಲ. ಮೂಗಿನ ನಾಚಿಕೆ ಇದರ ಮುಂದೆ ಏನೂ ಅಲ್ಲ ಎನ್ನಿಸಿತು.

"ಈಗ ಬರಿ," ಎಂದಳು.

ಅಚ್ಚಾದ ಪುಟದಲ್ಲಿ ಜಾಗ ಉಳಿದದ್ದು ಅನ್ನದ ಪಾತ್ರೆಯ ಪಕ್ಕದಲ್ಲಿ ಮಾತ್ರ. ಕೈಗೆ ಸೌಟು ಕೊಟ್ಟು, ಬಗ್ಗಿ ಬಡಿಸುವ ಹಾಗೆ ಪೆನ್ಸಿಲಿನಿಂದ ಗೆರೆ ಎಳೆಯತೊಡಗಿದೆ. ಅವಳು ನನ್ನ ಕೈ ಹಿಡಿದಳು.

"ಬಡಿಸೋದು ಮನ್ಯಾಗ ದಿನಾ ಐತಿ. ಇಲ್ಲ್ಯಾದ್ರೂ ನನ್ನ ಕುಂದರಸು."

ಅಳಿಸಿದೆ. ನಾಯಿಯ ಮೇಲೆ ಬಿಳಿ ಬಣ್ಣ ಹಚ್ಚಿ, ಒಣಗಿದ ಮೇಲೆ ಆ ಜಾಗದಲ್ಲಿ ಅವಳನ್ನು ಕೂರಿಸಿ ಮುಂದೊಂದು ತಾಟು ಇಟ್ಟೆ. ಮರುಮುದ್ರಣಕ್ಕೆ ಪುಟ ಬದಲಿಸಲು ಕೇಳುತ್ತೇನೆ ಎಂದೆ. ಆಗಲೇ ಅಚ್ಚಾಗಿ ಹೋದ ಉಳಿದ ಪ್ರತಿಗಳಲ್ಲಿ ಮಾತ್ರ ಅವಳು ಊಟದ ಹೊರಗೇ.

ಶಂಕ್ರಮ್ಮತ್ತಿ ಪುಸ್ತಕವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ತಾಟು ಖಾಲಿ ಐತಲ್ಲ," ಎಂದಳು.

ಪೆನ್ಸಿಲ್ ಚೂಪು ಮಾಡಿಕೊಂಡು ನಾನು ಬಡಿಸತೊಡಗಿದೆ.